ಪೆಟ್ರೋಲ್ ಬಂಕಿನ ಹಳೆಯ ಚಿತ್ರಗಳು

ಇತಿಹಾಸ ಪಾಠ ಮಾಡುವವರಿಗೆ ಕೋಟೆ ಕೊತ್ತಲ, ಶಾಸನ, ದೇವಾಲಯಗಳ ಚಿತ್ರಗಳೆಂದರೆ ಪ್ರೀತಿಯಿರುವುದು ಸಹಜ. ನನಗೆ ಹಿಡಿದಿರುವ ಹುಚ್ಚು ಮಾತ್ರ ಬೇರೆ. ಅಮೆರಿಕದ ಹಳೆಯ ಗ್ಯಾರೇಜುಗಳು, ಕಾರು ಮಾರುವ ಅಂಗಡಿಗಳು, ಪೆಟ್ರೋಲ್ ಬಂಕುಗಳು – ಇವುಗಳ ಕಪ್ಪು ಬಿಳುಪು ಚಿತ್ರಗಳನ್ನು ಕೂತು ನೋಡುವುದು. "ಕಾರೂ ಇಲ್ಲ, ಓಡಿಸಲೂ ಬರುವುದಿಲ್ಲ, ನಿಮಗೇಕೆ ಬಂಕಿನ ಉಸಾಬರಿ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ ಬಿಡಿ. ಆ ಚಿತ್ರಗಳಲ್ಲಿ ಹೆಂಗಸರ ಚರಿತ್ರೆಯೂ ಒಂದಿಷ್ಟು ಅಡಗಿದೆ ಎಂದರೆ ನೀವೂ ನನ್ನ ಪಕ್ಕದಲ್ಲಿ ಕೂತು ನೋಡಬಹುದು.

ಮೊದಲಿಗೆ, ಪೆಟ್ರೋಲ್ ಬಂಕಿನ ಕಥೆ ಶುರುವಾಗುವುದೇ ಒಬ್ಬ ಹೆಂಗಸಿನಿಂದ. 1888ರ ಆಗಸ್ಟ್ ತಿಂಗಳು. ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆಯೇ ಹೊರಡಿಸಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ಹೊರಟೇಬಿಟ್ಟಳು. ಸುಮಾರು 100 ಕಿಲೋಮೀಟರ್ ದಾರಿ. ನಡುವೆ ಇಂಧನ ಮುಗಿಯಿತು. ಬಂಕು ಎಂಬುದು ಇನ್ನೂ ಹುಟ್ಟಿರಲಿಲ್ಲ. ವೀಸ್‌ಲೋಕ್ ಎಂಬ ಊರಿನ ಔಷಧಿ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಗಾಡಿಗೆ ತುಂಬಿಸಿದಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ. ಸೆರಗಿನ ಪಿನ್ನಿನಲ್ಲಿ ಸಂಸಾರದ ಅರ್ಧ ರಿಪೇರಿ ಮಾಡುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ! ಆ ಔಷಧಿ ಅಂಗಡಿಯನ್ನೇ ಜಗತ್ತಿನ ಮೊದಲ ಪೆಟ್ರೋಲ್ ಬಂಕು ಎಂದು ಇಂದಿಗೂ ನೆನೆಯುತ್ತಾರೆ.

ಅಮೆರಿಕದಲ್ಲೂ ಮೊದಮೊದಲು ಪೆಟ್ರೋಲ್ ಸಿಗುತ್ತಿದ್ದುದು ದಿನಸಿ ಅಂಗಡಿಯಲ್ಲೋ ಕಮ್ಮಾರನ ಸಾಲೆಯಲ್ಲೋ, ಡಬ್ಬದ ಲೆಕ್ಕದಲ್ಲಿ. ಕುದುರೆಗೆ ಲಾಳ ಹೊಡೆಯುತ್ತಿದ್ದವನೇ ಎಷ್ಟೋ ಕಡೆ ಕಾರಿನ ಮೆಕ್ಯಾನಿಕ್ ಆದ. 1913ರ ಡಿಸೆಂಬರ್ 1ರಂದು ಗಲ್ಫ್ ಕಂಪನಿ ಪಿಟ್ಸ್‌ಬರ್ಗಿನಲ್ಲಿ ಕಾರು ನೇರ ಒಳಗೆ ಬಂದು ನಿಲ್ಲುವಂಥ ಬಂಕನ್ನು ತೆರೆಯಿತು. ಗ್ಯಾಲನ್ನಿಗೆ 27 ಸೆಂಟಿನಂತೆ ಮೊದಲ ದಿನ ಮಾರಾಟವಾದದ್ದು 30 ಗ್ಯಾಲನ್. ಗಾಳಿ, ನೀರು ಪುಕ್ಕಟೆ.

ಆಮೇಲಿನ ಚಿತ್ರಗಳಲ್ಲಿ ಆಳೆತ್ತರದ ಪಂಪುಗಳು ಕಾಣುತ್ತವೆ. ತಲೆಯ ಮೇಲೆ ದೊಡ್ಡ ಗಾಜಿನ ಭರಣಿ, ಪಕ್ಕದಲ್ಲಿ ಕೈಯಿಂದ ಜಗ್ಗುವ ಸನ್ನೆ. ಎಣ್ಣೆ ನೆಲದಡಿಯಿಂದ ಭರಣಿಗೆ ಏರುತ್ತಿತ್ತು, ಗಿರಾಕಿ ಗುರುತಿನ ಗೆರೆ ನೋಡಿ ಒಪ್ಪಿದ ಮೇಲೆ ತಾನಾಗಿ ಕಾರಿಗೆ ಇಳಿಯುತ್ತಿತ್ತು. ಅಳತೆಯಲ್ಲಿ ಮೋಸವಿಲ್ಲ ಎಂದು ತೋರಿಸಲು ಈ ಗಾಜು. ಹಾಲಿನವಳ ಪಾವಿನ ಮೇಲೆ ಕಣ್ಣಿಟ್ಟು ನಿಲ್ಲುವ ನಮಗೆ ಆ ಗಿರಾಕಿಗಳ ಅನುಮಾನ ಚೆನ್ನಾಗಿಯೇ ಅರ್ಥವಾಗುತ್ತದೆ.

ಈ ಚಿತ್ರಗಳಲ್ಲಿ ಅನೇಕವು ನಮಗೆ ಉಳಿದು ಬಂದಿರುವುದು ಒಂದು ಸರ್ಕಾರಿ ಯೋಜನೆಯಿಂದ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ರೈತರ ಸ್ಥಿತಿಯನ್ನು ದಾಖಲಿಸಲು ಅಮೆರಿಕ ಸರ್ಕಾರ ಛಾಯಾಗ್ರಾಹಕರನ್ನು ಊರೂರಿಗೆ ಕಳಿಸಿತು. ಅವರು ತಂದ ಸುಮಾರು 1,75,000 ನೆಗೆಟಿವುಗಳು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆ ತಂಡದಲ್ಲಿ ಡೊರೊಥಿಯಾ ಲಾಂಗ್ ಇದ್ದಳು. ಏಳನೇ ವಯಸ್ಸಿನಲ್ಲಿ ಪೋಲಿಯೋ ಬಂದು ಕಾಲು ಕುಂಟಾದವಳು, ಭಾರದ ಕ್ಯಾಮೆರಾ ಹೊತ್ತು ಸಾವಿರಾರು ಮೈಲಿ ಸುತ್ತಿದಳು. 1939ರ ಜುಲೈಯಲ್ಲಿ ನಾರ್ತ್ ಕೆರೊಲಿನಾದ ಗಾರ್ಡನ್‌ಟನ್ ಎಂಬಲ್ಲಿ ತೆಗೆದ ಅವಳ ಚಿತ್ರವೊಂದಿದೆ. ಮಣ್ಣಿನ ರಸ್ತೆ, ಭಾನುವಾರದ ಮಧ್ಯಾಹ್ನ, ಒಂದು ಹಳ್ಳಿ ಅಂಗಡಿ. ಎಡಕ್ಕೆ ಪೆಟ್ರೋಲ್ ಪಂಪು, ಬಲಕ್ಕೆ ಸೀಮೆಎಣ್ಣೆಯ ಪಂಪು. ಜಗಲಿಯಲ್ಲಿ ಕಪ್ಪು ಜನ ಕೂತಿದ್ದಾರೆ, ಬಾಗಿಲಲ್ಲಿ ಅಂಗಡಿಯವನ ತಮ್ಮನೋ ಅಣ್ಣನೋ, ಬಿಳಿಯ, ನಿಂತಿದ್ದಾನೆ. ನಮ್ಮ ಯಾವ ಹಳ್ಳಿಯ ಅಂಗಡಿ ಕಟ್ಟೆಯೂ ಆಗಬಹುದಿತ್ತು. ಎಲ್ಲರೂ ಗಂಡಸರೇ ಎಂಬುದೂ ನಮ್ಮ ಕಟ್ಟೆಯಂತೆಯೇ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂಬುದನ್ನು ನೋಡಿದರೆ ಅರ್ಧ ಚರಿತ್ರೆ ತಿಳಿಯುತ್ತದೆ.

ಇನ್ನು ನಾವು ಯಾರೂ ಗಟ್ಟಿಯಾಗಿ ಮಾತಾಡದ ವಿಷಯಕ್ಕೆ ಬರುತ್ತೇನೆ, ಶೌಚಾಲಯ. ಹೆಂಗಸರೂ ಮಕ್ಕಳೂ ಕಾರಿನಲ್ಲಿ ದೂರ ಪ್ರಯಾಣ ಹೊರಡುವ ಕಾಲ ಬಂದಾಗ, ಎಣ್ಣೆ ಕಂಪನಿಗಳಿಗೆ ಒಂದು ಸತ್ಯ ಹೊಳೆಯಿತು. ಕಾರು ಓಡಿಸುವವನು ಗಂಡಸೇ ಇರಲಿ, ಎಲ್ಲಿ ನಿಲ್ಲಿಸಬೇಕೆಂದು ಹೇಳುವವಳು ಹೆಂಡತಿ! ಟೆಕ್ಸಾಕೊ ಕಂಪನಿ 1938ರಲ್ಲಿ ತನ್ನ ಬಂಕುಗಳ ಶೌಚಾಲಯಗಳನ್ನು ನೋಂದಾಯಿಸಿ, ತಪಾಸಣೆಗೆ 'ಬಿಳಿ ಪಹರೆ' ಎಂಬ ತಂಡವನ್ನು ಕಾರುಗಳಲ್ಲಿ ಕಳಿಸಿತು. ಮರುವರ್ಷ ಫಿಲಿಪ್ಸ್ 66 ಕಂಪನಿ ಈ ಕೆಲಸಕ್ಕೆ ತರಬೇತಿ ಪಡೆದ ನರ್ಸುಗಳನ್ನೇ ನೇಮಿಸಿತು.

ಇದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾದದ್ದು ನಿಜ. ಕೆಲವು ವರ್ಷಗಳ ಹಿಂದೆ ನಲವತ್ತು ಹುಡುಗಿಯರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಹೆದ್ದಾರಿಯ ಒಂದು ಬಂಕಿನಲ್ಲಿ ಬಸ್ ನಿಲ್ಲಿಸಿದರೆ ಶೌಚಾಲಯಕ್ಕೆ ಬೀಗ. ಬೀಗದ ಕೈ ಯಜಮಾನರ ಹತ್ತಿರ, ಯಜಮಾನರು ಊರೊಳಗೆ. ಡ್ರೈವರು ಬೇಲಿಯ ಕಡೆ ಹೋಗಿ ಬಂದು ಬೀಡಿ ಹಚ್ಚಿದ. ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತಿದ್ದ ಆ ಹುಡುಗಿಯರ ಮುಖಗಳನ್ನು ನಾನು ಮರೆತಿಲ್ಲ.

ಆದರೆ ಅಮೆರಿಕದ ಆ ಹೊಳೆಯುವ ಬಾಗಿಲುಗಳೂ ಎಲ್ಲರಿಗೆ ತೆರೆದಿರಲಿಲ್ಲ. ದಕ್ಷಿಣದ ಊರುಗಳಲ್ಲಿ ಕಪ್ಪು ಜನರಿಂದ ಪೆಟ್ರೋಲಿನ ದುಡ್ಡು ತೆಗೆದುಕೊಂಡು, ಶೌಚಾಲಯ ಮಾತ್ರ ಕೊಡದ ಬಂಕುಗಳು ಬೇಕಾದಷ್ಟಿದ್ದವು. ಮಕ್ಕಳೊಂದಿಗೆ ಹೊರಟ ತಾಯಂದಿರು ಡಬ್ಬಿಯೊಂದನ್ನು ಕಾರಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ನ್ಯೂಯಾರ್ಕಿನ ಹಾರ್ಲೆಮ್‌ನ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯವನು, ತನ್ನ ಜನ ಅವಮಾನವಿಲ್ಲದೆ ಎಲ್ಲೆಲ್ಲಿ ನಿಲ್ಲಬಹುದು ಎಂಬ ಪಟ್ಟಿಯನ್ನು 1936ರಿಂದ ಪುಸ್ತಕವಾಗಿ ಅಚ್ಚು ಹಾಕಿಸಿದ. ಅದು ಎಸ್ಸೊ ಬಂಕುಗಳಲ್ಲಿ ಮಾರಾಟವಾಗುತ್ತಿತ್ತು. ನಮ್ಮ ದೇಶದಲ್ಲೂ ಬಂಕುಗಳಿದ್ದು, 1974ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಆದ ಅದೇ ಎಸ್ಸೊ. 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಮೇಲೆ ಆ ಪುಸ್ತಕದ ಅಗತ್ಯ ಕಡಿಮೆಯಾಗಿ, ಕೆಲವೇ ವರ್ಷಗಳಲ್ಲಿ ನಿಂತಿತು. ಕೆರೆ ಬಾವಿಗಳ ಹೆಸರಿನಲ್ಲಿ ನಾವೇನು ಮಾಡಿದ್ದೇವೆಂದು ಬಲ್ಲ ನಮಗೆ ಇದು ದೂರದ ಕಥೆಯಲ್ಲ.

ಕೊನೆಗೆ ಯುದ್ಧ ಬಂತು. 1942ರ ಫೆಬ್ರವರಿಯಲ್ಲಿ ಜನಸಾಮಾನ್ಯರಿಗೆ ಕಾರು ತಯಾರಿಸುವುದು ನಿಂತು, ಮಾರಾಟದ ಅಂಗಡಿಗಳಲ್ಲಿ ಹೊಸ ಕಾರುಗಳಿಲ್ಲದಂತಾಯಿತು. ಆ ವರ್ಷವೇ ಪೆಟ್ರೋಲಿಗೂ ರೇಷನ್ ಕಾರ್ಡು. ಎಣ್ಣೆಗಿಂತ ಹೆಚ್ಚಾಗಿ ಟೈರಿನ ರಬ್ಬರ್ ಉಳಿಸಲು. ರಬ್ಬರ್ ಬೆಳೆಯುವ ಆಗ್ನೇಯ ಏಷ್ಯಾದ ನಾಡುಗಳು ಜಪಾನಿನ ಕೈ ಸೇರಿದ್ದವಲ್ಲ! ಗಂಡಸರು ಸೈನ್ಯಕ್ಕೆ ಹೋದರು, ಹೆಂಗಸರು ಬಂಕಿಗೆ ಬಂದರು. 1943ರ ಜೂನ್‌ನಲ್ಲಿ ಜ್ಯಾಕ್ ಡೆಲಾನೊ ಫಿಲಡೆಲ್ಫಿಯಾದಲ್ಲಿ ತೆಗೆದ ಚಿತ್ರಗಳಲ್ಲಿ ಸಮವಸ್ತ್ರ ತೊಟ್ಟ ತರುಣಿಯರು ಬಂಕಿನ ಕೆಲಸ ಮಾಡುತ್ತಿದ್ದಾರೆ. ಅವರಲ್ಲೊಬ್ಬಳು ಮೊದಲು ಔಷಧಿ ಅಂಗಡಿಯಲ್ಲಿ ಗುಮಾಸ್ತೆಯಾಗಿದ್ದವಳು. ಯುದ್ಧ ಮುಗಿದು ಗಂಡಸರು ಹಿಂತಿರುಗಿದಾಗ ಇಂಥ ಎಷ್ಟೋ ಹೆಂಗಸರು ಮನೆಗೆ ಮರಳಬೇಕಾಯಿತು. ಕೆಲಸ ಬರುವುದಿಲ್ಲವೆಂದು ಕಳಿಸಿದ್ದಲ್ಲ, ಬರುತ್ತದೆಂದು ಈ ಚಿತ್ರಗಳೇ ಸಾಕ್ಷಿ ಹೇಳುತ್ತವೆ.

ಈಗ ನಮ್ಮ ಊರುಗಳ ಬಂಕುಗಳಲ್ಲೂ ಹುಡುಗಿಯರು ಪಂಪು ಹಿಡಿದು ನಿಂತಿರುತ್ತಾರೆ. ಅವರನ್ನು ಕಂಡಾಗ ನಾನು ಮಾತಾಡಿಸುತ್ತೇನೆ. ಸಂಬಳ ಎಷ್ಟು, ಮನೆ ಎಲ್ಲಿ ಎಂದು ಎಲ್ಲರೂ ಕೇಳುವುದನ್ನೇ ಕೇಳುತ್ತೇನೆ. ಜೊತೆಗೆ, ಅಲ್ಲಿನ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದೂ ಕೇಳುತ್ತೇನೆ.