ನಾಡಕಚೇರಿ ಕೊಡದ ಪ್ರಮಾಣಪತ್ರ

ಪಿಯುಸಿಯಿಂದ ಇವತ್ತಿನ ಪಿಎಚ್‌ಡಿವರೆಗೆ ನಾನು ಓದಿದ್ದು ವಿದ್ಯಾರ್ಥಿವೇತನದ ದುಡ್ಡಿನಲ್ಲಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಮುಂದೆ ಸಾಲು ನಿಲ್ಲುವುದು, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬುವುದು ಅಭ್ಯಾಸವಾಗಿಬಿಟ್ಟಿದೆ. ಅದರಲ್ಲೂ ಅವಮಾನ ಇಲ್ಲದಿಲ್ಲ. ಕಾಲೇಜಿನ ಗುಮಾಸ್ತರೊಬ್ಬರು ಎಲ್ಲರೆದುರು ನನ್ನ ಜಾತಿಯನ್ನು ಗಟ್ಟಿಯಾಗಿ ಓದಿದ್ದು ಇನ್ನೂ ಕಿವಿಯಲ್ಲಿದೆ. ಆದರೂ ಒಂದು ಅನುಕೂಲವಿತ್ತು: ನಾನು ಬಾಯಿ ಬಿಡಬೇಕಾಗಿರಲಿಲ್ಲ, ತಹಶೀಲ್ದಾರರ ಸಹಿಯೇ ಮಾತಾಡುತ್ತಿತ್ತು. ಅದಲ್ಲದೆ, ಆ ಕಾಗದದಲ್ಲಿದ್ದದ್ದು ಮನೆಯವರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಪತ್ರಿಕೋದ್ಯಮ ಓದಲು ಅಮೆರಿಕಕ್ಕೆ ಹೋಗಿರುವ ನನ್ನ ಜೂನಿಯರ್ ಒಬ್ಬ ಕೆಲವು ವಾರಗಳ ಹಿಂದೆ ಫೋನ್ ಮಾಡಿದ. 'ಅಣ್ಣಾ, ಸಲಿಂಗಿ ವಿದ್ಯಾರ್ಥಿಗಳಿಗೆ ಅಂತಲೇ ಒಂದು ಸ್ಕಾಲರ್‌ಶಿಪ್ ಇದೆ. ಪ್ರಬಂಧ ಬರೀಬೇಕು. ಸಿಕ್ಕಿದ್ರೆ ಹೆಸರು, ಫೋಟೊ ಎಲ್ಲಾ ಹಾಕ್ತಾರೆ. ಏನ್ ಮಾಡ್ಲಿ?' ಅವನ ವಿಷಯ ಹಾಸ್ಟೆಲಿನ ದಿನಗಳಿಂದ ನನಗೆ ಗೊತ್ತು. ಅವನ ಮನೆಯಲ್ಲಿ ಗೊತ್ತಿಲ್ಲ. ಉತ್ತರ ಹೊಳೆಯದಿದ್ದಾಗ ಸಂಶೋಧಕರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಇತಿಹಾಸ ಹುಡುಕಲು ಕೂತೆ.

ಈ ಬಗೆಯ ನೆರವಿನ ಬೇರು 1968ರಷ್ಟು ಹಿಂದಕ್ಕೆ ಹೋಗುತ್ತದೆ. ಅದರ ಹಿಂದಿನ ಬೇಸಿಗೆಯಲ್ಲಿ ಅಮೆರಿಕದ ನಗರಗಳಲ್ಲಿ ನಡೆದ ಜನಾಂಗೀಯ ಗಲಭೆಗಳ ಕಾರಣ ಹುಡುಕಲು ನೇಮಕವಾದ ಕರ್ನರ್ ಆಯೋಗ, ತನ್ನ ವರದಿಯಲ್ಲಿ ಪತ್ರಿಕೆಗಳನ್ನೂ ಬಿಡಲಿಲ್ಲ. ಸುದ್ದಿ ವಿಭಾಗಗಳಲ್ಲಿ ಕಪ್ಪು ಜನರು ಶೇ. 5ಕ್ಕಿಂತ ಕಡಿಮೆ, ಸಂಪಾದಕರ ಮಟ್ಟದಲ್ಲಿ ಶೇ. 1ಕ್ಕಿಂತ ಕಡಿಮೆ ಎಂದಿತು. ಆಮೇಲೆ ತರಬೇತಿಗಳು, ವಿದ್ಯಾರ್ಥಿವೇತನಗಳು ಬಂದವು. 1977ರಲ್ಲಿ ರಾಬರ್ಟ್ ಮೇನಾರ್ಡ್ ಮತ್ತವರ ಸಂಗಡಿಗರು ಅಲ್ಪಸಂಖ್ಯಾತ ಪತ್ರಕರ್ತರನ್ನು ತಯಾರು ಮಾಡಲೆಂದೇ ಒಂದು ಸಂಸ್ಥೆ ಕಟ್ಟಿದರು. ಮರುವರ್ಷ ಅಲ್ಲಿನ ಸಂಪಾದಕರ ಸಂಘ, 2000ನೇ ಇಸವಿಯ ಹೊತ್ತಿಗೆ ಸುದ್ದಿಮನೆಗಳು ಸಮಾಜದ ಜನಾಂಗೀಯ ಪ್ರಮಾಣಕ್ಕೆ ಹೊಂದಬೇಕು ಎಂಬ ಗುರಿ ಹಾಕಿಕೊಂಡು ತಲೆ ಎಣಿಸತೊಡಗಿತು.

ಎಣಿಸಿದ್ದು ಕಣ್ಣಿಗೆ ಕಂಡ ತಲೆಗಳನ್ನು. ಸುದ್ದಿಮನೆಯ ಸಲಿಂಗಿಗಳನ್ನು ಎಣಿಸುವುದು ಹೇಗೆ? ಅವರಾಗಿಯೇ ಹೇಳಬೇಕು. ಹೇಳಿದರೆ ಏನಾಗುತ್ತಿತ್ತು ಎಂಬುದಕ್ಕೆ ರ‍್ಯಾಂಡಿ ಶಿಲ್ಟ್ಸ್ ಇದ್ದಾರೆ. ತಾನು ಯಾರೆಂದು ಮುಚ್ಚಿಡದೆ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಓದಿ, ವಿದ್ಯಾರ್ಥಿ ಪತ್ರಿಕೆಯಲ್ಲಿ ದುಡಿದು, 1975ರಲ್ಲಿ ಪದವಿ ಪಡೆದ ಪ್ರತಿಭಾವಂತ. ದೊಡ್ಡ ದಿನಪತ್ರಿಕೆಯಲ್ಲಿ ಕಾಯಂ ಕೆಲಸ ಸಿಕ್ಕಿದ್ದು 1981ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್‌ನಲ್ಲಿ. ಅದೇ ವರ್ಷ ಏಡ್ಸ್‌ನ ಮೊದಲ ಪ್ರಕರಣಗಳು ವರದಿಯಾದವು. ಬೇರೆ ಪತ್ರಿಕೆಗಳು ಮೂಗು ಮುರಿಯುತ್ತಿದ್ದಾಗ ಅದರ ಬೆನ್ನು ಹತ್ತಿದವರಲ್ಲಿ ಶಿಲ್ಟ್ಸ್ ಮುಖ್ಯರು. 1987ರ ಅವರ ಪುಸ್ತಕದಲ್ಲಿ ತಪ್ಪುಗಳಿವೆ. 'ಮೊದಲ ರೋಗಿ' ಎಂದು ಕುಖ್ಯಾತನಾದ ವಿಮಾನ ಸಿಬ್ಬಂದಿ ಸೋಂಕಿನ ಮೂಲವಲ್ಲ ಎಂಬುದನ್ನು 2016ರ ಜೈವಿಕ ಅಧ್ಯಯನ ತೋರಿಸಿತು. ಆದರೂ, ಅವರಂಥ ಇನ್ನೂ ಹತ್ತು ಜನ ಆಗ ಸುದ್ದಿಮನೆಗಳಲ್ಲಿ ಬಾಯಿಬಿಟ್ಟು ಇದ್ದಿದ್ದರೆ ಎಂದು ನಾನು ಯೋಚಿಸುತ್ತೇನೆ. ಅವರೂ 1994ರಲ್ಲಿ ಏಡ್ಸ್‌ನಿಂದಲೇ ತೀರಿಕೊಂಡರು.

ಮೇನಾರ್ಡ್ ಜೊತೆ ಸಂಸ್ಥೆ ಕಟ್ಟಿದವರಲ್ಲಿ ಲೆರಾಯ್ ಆರನ್ಸ್ ಎಂಬ ಬಿಳಿಯರೊಬ್ಬರಿದ್ದರು. ವಾಷಿಂಗ್ಟನ್ ಪೋಸ್ಟ್‌ನಲ್ಲಿ ದುಡಿದು, ಮುಂದೆ ಮೇನಾರ್ಡ್ ಅವರ ಓಕ್ಲೆಂಡ್ ಟ್ರಿಬ್ಯೂನ್‌ನ ಕಾರ್ಯನಿರ್ವಾಹಕ ಸಂಪಾದಕರಾದವರು. ಬೇರೆಯವರಿಗೆ ಬಾಗಿಲು ತೆರೆಯಲು ವರ್ಷಗಟ್ಟಲೆ ದುಡಿದ ಈ ಮನುಷ್ಯ, ತಮ್ಮ ಬಗ್ಗೆ ಸಾರ್ವಜನಿಕವಾಗಿ ಏನನ್ನೂ ಹೇಳಿರಲಿಲ್ಲ. ಕೊನೆಗೆ ಸಂಪಾದಕರ ಸಂಘ ಸಲಿಂಗಿ ಪತ್ರಕರ್ತರ ಬಗ್ಗೆ ಒಂದು ಸಮೀಕ್ಷೆ ನಡೆಸುವ ಹೊಣೆಯನ್ನು ಅವರಿಗೇ ವಹಿಸಿತು. 1990ರ ಏಪ್ರಿಲ್‌ನಲ್ಲಿ, ಸಂಘದ ಸಮ್ಮೇಳನದಲ್ಲಿ ದೇಶದ ಸಂಪಾದಕರ ಮುಂದೆ ನಿಂತು ಅಂಕಿಅಂಶ ಓದುತ್ತಾ, ತಾನೂ ಅವರಲ್ಲೊಬ್ಬ ಎಂದರು. ಅವರಿಗಾಗ 56 ವರ್ಷ. ಎಣಿಸುವವನೇ ಎದ್ದು ನಿಂತು ತನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಂಡ ಆ ಗಳಿಗೆಗೆ ನಾನು ಮತ್ತೆ ಮತ್ತೆ ಮರಳುತ್ತೇನೆ. ಅದೇ ವರ್ಷ ಅವರು ಸಲಿಂಗಿ ಪತ್ರಕರ್ತರ ರಾಷ್ಟ್ರೀಯ ಸಂಘ ಎನ್‌ಎಲ್‌ಜಿಜೆಎ ಕಟ್ಟಿದರು.

ಅದೇ 1990ರಲ್ಲಿ ಟಕೋಮಾ ನಗರದ ಪತ್ರಿಕೆಯೊಂದು, ಬಿಡುವಿನಲ್ಲಿ ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ಕಾರಣಕ್ಕೆ ಸ್ಯಾಂಡಿ ನೆಲ್ಸನ್ ಎಂಬ ವರದಿಗಾರ್ತಿಯನ್ನು ಡೆಸ್ಕಿಗೆ ಎತ್ತಿ ಹಾಕಿತು. 1997ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು ಪತ್ರಿಕೆಯ ಪರವಾಗಿಯೇ ತೀರ್ಪು ಕೊಟ್ಟಿತು. ಯಾರೆಂದು ಹೇಳಿಕೊಳ್ಳಬಹುದು, ಅದಕ್ಕಾಗಿ ಬೀದಿಗಿಳಿಯುವಂತಿಲ್ಲ!

ಇವತ್ತು ಆ ಸಂಘ ಕೊಡುವ ವಿದ್ಯಾರ್ಥಿವೇತನಗಳಲ್ಲಿ ಒಂದು ಆರನ್ಸ್ ಹೆಸರಿನಲ್ಲಿದೆ, 5,000 ಡಾಲರ್‌ವರೆಗೆ. ಬಾಸ್ಟನ್ ಗ್ಲೋಬ್‌ನ ವರದಿಗಾರ್ತಿಯಾಗಿದ್ದ ಕೇ ಲಾಂಗ್‌ಕೋಪ್ ಹೆಸರಿನ ಇನ್ನೊಂದು, ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ. ಅಲ್ಲಿನ ಖಾಸಗಿ ವಿಶ್ವವಿದ್ಯಾಲಯಗಳ ಫೀಸಿಗೆ ಈ ದುಡ್ಡು ಒಂದು ಸೆಮಿಸ್ಟರಿಗೂ ಸಾಲದು. ಆದರೆ ಒಂದು ಕಾಲಕ್ಕೆ ಕೆಲಸ ಕಸಿಯುತ್ತಿದ್ದ ಮಾತೇ ಇಲ್ಲಿ ಅರ್ಹತೆ. ಅದಕ್ಕೆ ಯಾವ ತಹಶೀಲ್ದಾರರ ಸಹಿಯೂ ಇಲ್ಲ, ಅರ್ಜಿದಾರ ತನ್ನ ಕೈಯಾರೆ ಬರೆದದ್ದೇ ಪ್ರಮಾಣಪತ್ರ.

ನಮ್ಮಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿ 'ಬಾಂಬೆ ದೋಸ್ತ್' ಪತ್ರಿಕೆ ಶುರು ಮಾಡಿದ್ದೂ 1990ರಲ್ಲೇ. ಆಗಿನ್ನೂ 377ನೇ ಸೆಕ್ಷನ್ ಇತ್ತು. ಸುಪ್ರೀಂ ಕೋರ್ಟು ಅದರಿಂದ ಬಿಡುಗಡೆ ಕೊಟ್ಟಿದ್ದು 2018ರಲ್ಲಿ. ಕೇಂದ್ರ ಸರ್ಕಾರದ 'ಸ್ಮೈಲ್' ಯೋಜನೆ 2022ರಿಂದ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ವರ್ಷಕ್ಕೆ 13,500 ರೂಪಾಯಿ ಕೊಡುತ್ತದೆ. ಅದಕ್ಕೆ ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಪತ್ರ ಬೇಕು. ನಾವು ಕೊನೆಗೂ ಕಚೇರಿಯ ಸಹಿಯನ್ನೇ ನಂಬುವವರು. ಆ ಸಹಿ ಬಚ್ಚಿಡುವುದಕ್ಕೂ ಅಷ್ಟಿಷ್ಟು ಜಾಗ ಕೊಡುತ್ತದೆ ಎಂಬುದು ನನಗೆ ಈಚೆಗೆ ಹೊಳೆದದ್ದು.

ಮೊನ್ನೆ ಭಾನುವಾರ ಇಷ್ಟನ್ನೂ ಅವನಿಗೆ ಹೇಳಿದೆ. ಆರನ್ಸ್ ಭಾಷಣದ ಕಥೆಯನ್ನಂತೂ ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

'ಅಣ್ಣಾ, ಅವರಿಗೆ 56 ಆಗಿತ್ತು. ಸಂಪಾದಕರಾಗಿದ್ರು. ನಂಗೆ 23' ಅಂದ.

ನನ್ನ ಬಳಿ ಉತ್ತರವಿರಲಿಲ್ಲ. ಪ್ರಬಂಧ ಮಾತ್ರ ಬರೆದಿದ್ದಾನೆ. ಕಾಗುಣಿತ ನೋಡು ಅಂತ ನನಗೆ ಕಳಿಸಿದ್ದಾನೆ. ಕೊನೆಯ ದಿನಾಂಕಕ್ಕೆ ಇನ್ನೂ ಮೂರು ವಾರ ಇದೆ. ಅಷ್ಟರಲ್ಲಿ ಊರಿಗೆ ಫೋನ್ ಮಾಡಿ ಮೊದಲು ಅಕ್ಕನಿಗೆ ಹೇಳುತ್ತಾನಂತೆ, ಅಮ್ಮನ ವಿಷಯ ಆಮೇಲೆ ನೋಡೋಣ ಅಂದಿದ್ದಾನೆ.