ಹಾಡು ತುಂಬಿಸಿಕೊಂಡ ಕಾಲ

ಚೀಲಕ್ಕೆ ಜೋಳ ತುಂಬಿಸುವುದು, ಕೊಡಕ್ಕೆ ನೀರು ತುಂಬಿಸುವುದು ಹೇಗೋ, ಹಂಪಸಾಗರದ ಸೀಮೆಯಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸುವುದೂ ಒಂದು ಕಾಲಕ್ಕೆ ಹಾಗೆಯೇ ಸಹಜ ಮಾತಾಗಿತ್ತು. ಕದಿಯುವುದು ಎಂಬ ಪದ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ.

1980, 90ರ ದಶಕಗಳಲ್ಲಿ ಕರ್ನಾಟಕದ ತಾಲ್ಲೂಕು ಊರುಗಳಲ್ಲೆಲ್ಲ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಗಳಿದ್ದವು. ಸಂತೆಗೆ ಬಂದವರು ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡಿನ ಪಟ್ಟಿ ಬರೆದು ಖಾಲಿ ಕ್ಯಾಸೆಟ್ಟಿನ ಜತೆ ಕೊಟ್ಟು ಹೋಗುತ್ತಿದ್ದರು. ಅರವತ್ತು ನಿಮಿಷದ್ದಾದರೆ ಬದಿಗೆ ಮೂವತ್ತು. ಲೆಕ್ಕ ತಪ್ಪಿದರೆ ಕೊನೆಯ ಹಾಡು ಚರಣದ ನಡುವೆಯೇ ನಿಂತುಬಿಡುತ್ತಿತ್ತು. ಮೇಲೆ ಬೇರೇನೂ ರೆಕಾರ್ಡ್ ಆಗದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದು ತೆಗೆಯುತ್ತಿದ್ದರು. ಮನಸ್ಸು ಬದಲಾದರೆ ಆ ತೂತಿಗೆ ಕಾಗದದ ಉಂಡೆ ತುರುಕಿದರೆ ಆಯಿತು.

ಇದನ್ನು ಬರೀ ಕಳ್ಳತನ ಎಂದುಬಿಡುವುದು ಅನ್ಯಾಯ. ಪಿ.ಬಿ. ಶ್ರೀನಿವಾಸರ ಸಿನಿಮಾ ಹಾಡಿನ ಪಕ್ಕದಲ್ಲಿ ರಂಗಗೀತೆ, ಅದರ ಬೆನ್ನಿಗೆ ವಚನ: ಇಂಥ ಆಯ್ಕೆಯನ್ನು ಯಾವ ಕ್ಯಾಸೆಟ್ ಕಂಪನಿಯೂ ಮಾರುತ್ತಿರಲಿಲ್ಲ. ಆದರೂ ಒಂದು ಲೆಕ್ಕ ಬಾಕಿ ಉಳಿಯುತ್ತದೆ. ಕೇಳುಗ ದುಡ್ಡು ಕೊಟ್ಟಿದ್ದ. ಅದು ಅಂಗಡಿಯ ಗಲ್ಲಾ ದಾಟಲಿಲ್ಲ. ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ ಅದರಲ್ಲಿ ಒಂದು ಪೈಸೆಯೂ ಸೇರಲಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆ ಸ್ವಂತ ಬಳಕೆಗೆ ಒಂದಿಷ್ಟು ಸಡಿಲಿಕೆ ಕೊಡುತ್ತದೆ, ನಕಲು ಮಾಡಿ ಮಾರುವುದಕ್ಕೆ ಕೊಡುವುದಿಲ್ಲ. ಕ್ಯಾಸೆಟ್ ನಕಲು ದೇಶದ ತುಂಬ ಹಬ್ಬಿದಾಗ, 1984ರ ತಿದ್ದುಪಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಎಂದು ಬಿಗಿ ಮಾಡಿತು. ಆ ಅಂಗಡಿಗಳು ಮುಚ್ಚಿದ್ದು ಕಾಯ್ದೆಗೆ ಹೆದರಿ ಅಲ್ಲ, ಮೊಬೈಲ್ ಬಂದು.

ಮೊಬೈಲಿನ ಮೆಮೊರಿ ಕಾರ್ಡಿಗೆ ಪಟ್ಟಿಯೇ ಬೇಡವಾಯಿತು. ನೂರಾರು ಹಾಡು ಕೆಲವೇ ನಿಮಿಷದಲ್ಲಿ ಒಳಗೆ. ತುಂಬಿಸುವ ಮಾತು ಉಳಿಯಿತು, ಆರಿಸುವ ಕಷ್ಟ ಹೋಯಿತು. ಜತೆಗೆ ಹಾಡು ಬರೆದವರ ಹೆಸರಿದ್ದ ಕ್ಯಾಸೆಟ್ಟಿನ ಹೊದಿಕೆಯೂ ಹೋಯಿತು. ಹಣ ಹೋದದ್ದಕ್ಕಿಂತ ಹೆಸರು ಅಳಿಸಿದ್ದೇ ದೊಡ್ಡ ನಷ್ಟ.

ಕಂಪನಿಗಳೂ ಸಾಚಾ ಅಲ್ಲ. ಒಂದೇ ಸಲ ಕಾಸು ಕೊಟ್ಟು ಕವಿಯಿಂದ ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವ ರೂಢಿಗೆ ತಡೆ ಬಿದ್ದದ್ದು 2012ರ ತಿದ್ದುಪಡಿಯಲ್ಲಿ. ಗೀತೆ ಬರೆದವರ, ಸಂಗೀತ ಕೊಟ್ಟವರ ರಾಯಲ್ಟಿ ಪಾಲನ್ನು ಇನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ.

ಈ ಹಕ್ಕುಗಳು ಎಷ್ಟು ಕಾಲ ಬಾಳುತ್ತವೆ ಎಂಬುದಕ್ಕೆ ಒಂದು ಉದಾಹರಣೆ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ, ಮೈಸೂರು ಅನಂತಸ್ವಾಮಿ ಸಂಗೀತದ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಕಾಯ್ದೆಯ ಲೆಕ್ಕದಲ್ಲಿ ಆ ಧ್ವನಿಮುದ್ರಣದ ಹಕ್ಕು 2038ರ ಕೊನೆಯವರೆಗೆ ಇದೆ. ಅದರ ಗೀತೆಗಳ ಕವಿ ಕೆ.ಎಸ್. ನಿಸಾರ್ ಅಹಮದ್ ತೀರಿಕೊಂಡದ್ದು 2020ರಲ್ಲಿ. ಅವರ ಪದ್ಯಗಳ ಹಕ್ಕು 2080ರ ಕೊನೆಯವರೆಗೂ ಉಳಿದಿರುತ್ತದೆ.