ನಂದಿದುರ್ಗ (ಕೋಲಾರ ಚಿನ್ನದ ಗಣಿ ಪ್ರದೇಶ): ಸ್ಥಳೀಯ ಇತಿಹಾಸ

ಕೋಲಾರ ಜಿಲ್ಲೆಯ ಕೆ.ಜಿ.ಎಫ್. (ಕೋಲಾರ ಗೋಲ್ಡ್ ಫೀಲ್ಡ್ಸ್) ಪಟ್ಟಣದಲ್ಲಿ ಊರಿಗಾಂಗೆ ಹೊಂದಿಕೊಂಡಿರುವ ಗಣಿ ವಸತಿ ನಂದಿದುರ್ಗ. ನಂದಿದುರ್ಗವೆಂದೇ ಹೆಸರಾದ ಚಿಕ್ಕಬಳ್ಳಾಪುರದ ಬಳಿಯ ನಂದಿಬೆಟ್ಟ ಇಲ್ಲಿಂದ ಬಹುದೂರ. ಗಣಿ ತೆರೆದ ಬ್ರಿಟಿಷ್ ಕಂಪನಿಯ ಹೆಸರೇ ಊರಿಗೂ ಉಳಿಯಿತು. ಆ ಹೆಸರು ಈ ಸೀಮೆಗೆ ಹೊಸತಲ್ಲ: 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೋಲಾರ ಜಿಲ್ಲೆ ಬೆಂಗಳೂರು, ತುಮಕೂರುಗಳ ಜೊತೆಗೆ ನಂದಿದುರ್ಗ ವಿಭಾಗವೆಂಬ ಆಡಳಿತ ಘಟಕಕ್ಕೆ ಸೇರಿತ್ತು. ಈ ಊರಿನ ಚರಿತ್ರೆಯನ್ನು ಸಾಮಾನ್ಯವಾಗಿ 1880ರಿಂದ ಆರಂಭಿಸುತ್ತಾರೆ: ಏನೂ ಬೆಳೆಯದ ಬಂಡೆನೆಲ, ಅಲ್ಲಿಗೆ ಬಂದ ಲಂಡನ್ನಿನ ಬಂಡವಾಳ, ಅದರಿಂದ ಎದ್ದ ನಗರ. ಈ ಕ್ರಮ ಸರಿಯಲ್ಲ. ಗಣಿ ಊರು ಎದ್ದದ್ದು ರಾಗಿ ಹೊಲ, ಗೋಮಾಳ, ಕೆರೆಗಳ ಸೀಮೆಯಲ್ಲಿ. ಚಿನ್ನದ ಮೊದಲ ಸುಳಿವು, ಗಣಿಗೆ ಬೇಕಾದ ನೀರು, ಸಾಗಣೆ, ದುಡಿಯುವ ಕೈ ಎಲ್ಲವೂ ಬಂದದ್ದು ಬೇಸಾಯದ ಲೋಕದಿಂದಲೇ.

ಸುಳಿವಿನ ವಿಷಯದಲ್ಲಿ ಸಾಕ್ಷ್ಯ ಸ್ಪಷ್ಟವಾಗಿದೆ. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಹೈದರಾಲಿಯ ಹುಟ್ಟೂರಾದ ಬೂದಿಕೋಟೆಯ ಪೂರ್ವಕ್ಕಿರುವ ಬೆಟ್ಟವೊಂದರ ಮೇಲೆ ಬೀಡುಬಿಟ್ಟಿದ್ದಾಗ ಮಣ್ಣಿನಲ್ಲಿ ಚಿನ್ನ ಸಿಗುವ ಸುದ್ದಿ ಕೇಳಿದ. ಜಾಗ ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಹೇಳಿದಾಗ ಮುಂದೆ ಬಂದವನು ಊರಿಗಾಂನ ಒಬ್ಬ ರೈತ. 1802ರ ಫೆಬ್ರವರಿಯಲ್ಲಿ ವಾರನ್ ಆ ಊರಿಗೆ ಹೋದಾಗ ಹಳ್ಳಿಯ ಹೆಂಗಸರು ಪೊರಕೆ, ಮೊರ, ಮರದ ಮರಿಗೆಗಳನ್ನು ತಂದು, ಹಳ್ಳದ ಮಣ್ಣು ಗುಡಿಸಿ ತೊಳೆದು, ಚಿನ್ನದ ಕಣಗಳನ್ನು ತೆಗೆದು ತೋರಿಸಿದರು. ಮಾರಿಕುಪ್ಪಂನಲ್ಲಿ ಹಳೆಯ ಗುಂಡಿಗಳೂ ಇದ್ದವು. ಕಣಗಳನ್ನು ಹಿಡಿಯುವ ಹದ ಆ ಹೆಂಗಸರ ಕೈಗೆ ಆಗಲೇ ಹತ್ತಿತ್ತು. ಚಿನ್ನ ಅವರ ಬದುಕಿನ ಒಂದು ಉಪಕಸುಬಾಗಿತ್ತು, ಬೆಳೆ ಮುಖ್ಯವಾಗಿತ್ತು. ವಾರನ್‌ನ ವರದಿಯನ್ನು ಗಣಿಯ ಪೀಠಿಕೆಯೆಂದು ಓದುವವರು ಅದರಲ್ಲಿರುವ ಈ ಹಳ್ಳಿಯನ್ನು ಗಮನಿಸುವುದೇ ಇಲ್ಲ.

ಅಲ್ಲಿದ್ದದ್ದು ಕಲ್ಲು, ಕುರುಚಲು, ಪಾಳು ಭೂಮಿ; ಬೇಸಾಯದ ಮಾತೇಕೆ ಎಂಬ ಆಕ್ಷೇಪ ಉಂಟು. ಅದರಲ್ಲಿ ನಿಜಾಂಶವೂ ಉಂಟು. ಗಣಿಸಾಲು ಹಾದುಹೋದ ಏರುನೆಲದ ಬಹುಭಾಗ ಉಳುಮೆಗೆ ಒಗ್ಗುವಂಥದ್ದಲ್ಲ. ಆದರೆ ಬಯಲುಸೀಮೆಯ ಬೇಸಾಯವನ್ನು ಉತ್ತ ನೆಲದಿಂದ ಮಾತ್ರ ಅಳೆಯಲಾಗದು. ದನಕುರಿ ಮೇಯುವುದು, ಸೌದೆ, ಗೊಬ್ಬರದ ಸೊಪ್ಪು ಸಿಗುವುದು ಕುರುಚಲಿನಲ್ಲೇ. ಮಳೆನೀರು ಹರಿದು ಕೆರೆ ಸೇರುವುದೂ ಆ ಏರಿನಿಂದಲೇ. ಕೆಳಗಿನ ರಾಗಿ, ಅವರೆ, ಹುರುಳಿಯ ಹೊಲಗಳಿಗೂ ಕೆರೆಯಡಿಯ ಗದ್ದೆಗೂ ಅದು ಬೆನ್ನುಮೂಳೆಯಿದ್ದಂತೆ. ಇನ್ನೂ ಮುಖ್ಯವಾದದ್ದು ಕಾಲದ ಪ್ರಶ್ನೆ. 1876ರಿಂದ 1878ರವರೆಗಿನ ಧಾತು–ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ಕೋಲಾರದ ಸೀಮೆಯೂ ಆ ಪೆಟ್ಟು ತಿಂದಿತ್ತು. ಕಂಪನಿಗಳು ಗುತ್ತಿಗೆಗೆ ಮುಗಿಬಿದ್ದದ್ದು ಇದರ ಬೆನ್ನಿಗೇ. ಹಾಗಾಗಿ ಅವರ ಕಣ್ಣಿಗೆ ಬಿದ್ದ ಬರಿದಾದ ನೆಲವನ್ನು ಅನಾದಿಯಿಂದಲೂ ಬರಿದಾಗಿದ್ದ ನೆಲವೆಂದು ಬರೆದಿಡುವುದು ಬರದಲ್ಲಿ ಅಳಿದವರಿಗೆ ಮಾಡುವ ಅನ್ಯಾಯ.

ಕಂಪನಿಗಳ ಕಥೆ ಹೆಚ್ಚು ಪರಿಚಿತ. ನ್ಯೂಜಿಲೆಂಡಿನ ಯುದ್ಧಗಳಲ್ಲಿ ಹೋರಾಡಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೇಲ್ ಲವೆಲ್ 1873ರಲ್ಲಿ ಗಣಿಯ ಪರವಾನಗಿ ಕೇಳಿದ. 1875ರಲ್ಲಿ ಗುತ್ತಿಗೆ ಸಿಕ್ಕಿತು, ಆದರೆ ಅವನ ಬಂಡವಾಳ ಸಾಲಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಹಾಕಿತು. ಆರಂಭದ ವರ್ಷಗಳ ಸೋಲಿನ ನಂತರ ಚಾಂಪಿಯನ್ ಅದಿರುಪದರ ಸಿಕ್ಕಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಾಘಾಟ್ ಗಣಿಗಳು ಸಾಲಾಗಿ ಬೆಳೆದವು. 1891ರಲ್ಲಿ ಸುಮಾರು 7 ಸಾವಿರವಿದ್ದ ಗಣಿ ಪ್ರದೇಶದ ಜನಸಂಖ್ಯೆ 1901ರಲ್ಲಿ 38 ಸಾವಿರ ಮುಟ್ಟಿತು. ಒಂದು ದಶಕದಲ್ಲಿ ಹಳ್ಳಿಗಳ ನಡುವೆ ಒಂದು ನಗರವೇ ಬಂದು ಕೂತಿತ್ತು.

ಆ ನಗರವನ್ನು ಸಾಕಿದವರು ಯಾರು? ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ಕವಲು ರೈಲು ಓಡಿದ್ದು 1894ರಲ್ಲಿ. ಅಲ್ಲಿಯವರೆಗೆ ಯಂತ್ರಗಳು ರೈಲುನಿಲ್ದಾಣದಿಂದ ಗಣಿ ತಲುಪುತ್ತಿದ್ದದ್ದು ಎತ್ತಿನ ಗಾಡಿಗಳಲ್ಲಿ. ಬಾಯ್ಲರುಗಳಿಗೆ ಸೌದೆ, ಊರಿಗೆ ಹಾಲು, ಕಾಯಿಪಲ್ಯ, ದವಸ ಎಲ್ಲವೂ ಸುತ್ತಲ ಹಳ್ಳಿಗಳಿಂದ ಬರಬೇಕಿತ್ತು. ನೀರಿನ ವಿಷಯ ಇನ್ನೂ ಗಟ್ಟಿಯಾದ ಪುರಾವೆ. 20ನೆಯ ಶತಮಾನದ ಆರಂಭದಲ್ಲಿ ಗಣಿಗಳಿಗೆ ಕುಡಿಯುವ ನೀರು ಕೊಳವೆಯಲ್ಲಿ ಬಂದದ್ದು ಪಾಲಾರ್ ಹೊಳೆಯ ಮೇಲಿನ ಬೇತಮಂಗಲದ ಕೆರೆಯಿಂದ. ಶಾಸನಗಳಲ್ಲಿ ವಿಜಯಾದಿತ್ಯಮಂಗಲವಾಗಿರುವ ಈ ಊರಿನ ಕೆರೆ ಒಡೆದಾಗ 10ನೆಯ ಶತಮಾನದಲ್ಲಿ ಕಟ್ಟೆಯನ್ನು ಸರಿಪಡಿಸಿದವನು ಇರಿವ ನೊಳಂಬ. ಹೊಯ್ಸಳರ ಕಾಲದಲ್ಲೂ ಜೀರ್ಣೋದ್ಧಾರವಾಯಿತು. ಗದ್ದೆಗಳಿಗಾಗಿ ಸಾವಿರ ವರ್ಷ ಕಾಪಾಡಿಕೊಂಡು ಬಂದ ಕೆರೆ ಹೀಗೆ ಗಣಿ ಊರಿನ ನಲ್ಲಿಗೂ ಹಂಚಿಹೋಯಿತು. ಇಂಥ ಆಸ್ತಿಯ ಬೆಲೆ ಯಾವ ಕಂಪನಿಯ ಲಾಭಾಂಶದ ಲೆಕ್ಕಕ್ಕೂ ಸೇರಲಿಲ್ಲ. ವಿದ್ಯುತ್ತಿನಲ್ಲಿ ಈ ಪಕ್ಷಪಾತ ಇನ್ನಷ್ಟು ಢಾಳಾಗಿದೆ. ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು 1902ರಲ್ಲಿ ಗಣಿಗಳಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಸುತ್ತಲ ಹಳ್ಳಿಗಳಿಗೆ ಅದರ ಎಷ್ಟೋ ದಶಕಗಳ ಮೇಲೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಕನ್ನಡ, ತೆಲುಗು ಆಡುವ ಸ್ಥಳೀಯ ರೈತರಲ್ಲ, ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದವರು. ಆದ್ದರಿಂದ ಹಳ್ಳಿಯ ಚರಿತ್ರೆ ಬೇರೆ, ಗಣಿ ಊರಿನದು ಬೇರೆ ಎಂಬುದು ಅದರ ಸಾರ. ಬಂದವರ ಹಿನ್ನೆಲೆ ನೋಡಿದರೆ ಈ ವಾದ ಸಡಿಲಾಗುತ್ತದೆ. ಅವರಲ್ಲಿ ಬಹುಪಾಲು ಭೂಮಿಯಿಲ್ಲದ ದಲಿತ ಕೃಷಿ ಕೂಲಿಗಳು. ಒಡೆಯರ ಹೊಲದ ಜೀತ, ಊರಾಚೆಯ ಕೇರಿ, ಬರ ಇವುಗಳಿಂದ ತಪ್ಪಿಸಿಕೊಂಡು ಬಂದವರು. ಪಾತಾಳದ ಸೆಕೆ, ಬಂಡೆ ಸಿಡಿತ, ಕಲ್ಲುಧೂಳಿನ ಶ್ವಾಸರೋಗ ಗೊತ್ತಿದ್ದೂ ಗಣಿಯನ್ನು ಒಪ್ಪಿಕೊಂಡರೆಂದರೆ ಬಿಟ್ಟುಬಂದ ಹೊಲದ ಬದುಕು ಎಷ್ಟು ಕಡುವಾಗಿತ್ತೆಂದು ಊಹಿಸಬಹುದು. ನಗದು ಕೂಲಿ ಅವರಿಗೆ ತಲೆಯೆತ್ತುವ ದಾರಿಯನ್ನು ತೆರೆಯಿತು ಎನ್ನುವುದೂ ಅಷ್ಟೇ ನಿಜ. ಹಳ್ಳಿಯ ಪರವಾಗಿ ವಾದಿಸುವಾಗ ಇದನ್ನು ಮರೆಮಾಚಬಾರದು. ಬೇಸಾಯದ ಚರಿತ್ರೆಯೆಂದರೆ ಹೊಲದ ಮಾಲೀಕರದ್ದು ಮಾತ್ರವೇ ಅಲ್ಲ. ಗಣಿಯವರ ತಟ್ಟಿಮನೆಗಳ ಲೈನುಗಳಲ್ಲಿ ವಾಸಕ್ಕೆ ಬಂದದ್ದೂ ಅದರದೇ ಒಂದು ಭಾಗ. 1930ರಲ್ಲಿ ಬೆರಳಚ್ಚು ನೋಂದಣಿಯ ವಿರುದ್ಧ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿ ಮೂರು ವಾರ ಗಣಿಗಳನ್ನು ನಿಲ್ಲಿಸಿದಾಗ ಕೇಳಿಸಿದ್ದು ಈ ಜನರ ದನಿ. ಎರಡು ಲೋಕಗಳ ನಡುವಿನ ಗೋಡೆ ಅಷ್ಟೇನೂ ಎತ್ತರವಿರಲಿಲ್ಲವೆಂಬುದಕ್ಕೆ ಕೆ.ಸಿ. ರೆಡ್ಡಿಯವರೂ ಸಾಕ್ಷಿ: ಬಂಗಾರಪೇಟೆ ಸೀಮೆಯ ಕ್ಯಾಸಂಬಳ್ಳಿಯ ರೈತ ಮನೆತನದಿಂದ ಬಂದು, ಗಣಿ ಕಾರ್ಮಿಕರ ಸಂಘಟನೆಯಲ್ಲಿ ಪಾಲ್ಗೊಂಡು, 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಅವರು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿದಾಗ ಉಳಿದಿದ್ದದ್ದು ಮೈಸೂರು, ಚಾಂಪಿಯನ್ ರೀಫ್, ನಂದಿದುರ್ಗ ಮೂರೇ. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. 120 ವರ್ಷಗಳಲ್ಲಿ ತೆಗೆದ ಚಿನ್ನ 800 ಟನ್ನಿಗೂ ಹೆಚ್ಚು. ನೆಲದ ಮೇಲೆ ಉಳಿದದ್ದು 3 ಕೋಟಿ ಟನ್ನಿಗೂ ಮಿಕ್ಕಿದ ಸಯನೈಡ್ ಗುಡ್ಡಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳು. ಬೇಸಗೆಯ ಗಾಳಿಗೆ ಅವುಗಳ ಧೂಳು ಊರಿಗೂ ಹೊಲಕ್ಕೂ ಒಂದೇ ಸಮನೆ ಬೀಳುತ್ತದೆ, ಮಳೆಗೆ ಕೊಚ್ಚಿಕೊಂಡು ತಗ್ಗಿನ ನೆಲಕ್ಕಿಳಿಯುತ್ತದೆ. ಗಣಿಯ ಲಾಭ ಹಂಚಿಕೊಳ್ಳುವಾಗ ಲೆಕ್ಕಕ್ಕೆ ಬಾರದಿದ್ದ ಹಳ್ಳಿಗಳು ಅದರ ಕಸದಲ್ಲಿ ಪಾಲುದಾರರಾದವು.

ಗಣಿ ಮುಚ್ಚಿದ ಮೇಲೆ ನಂದಿದುರ್ಗ ಬೆಂಗಳೂರಿನ ಉಪನಗರದಂತಾಯಿತು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲುಗಳಲ್ಲಿ ಸಾವಿರಾರು ಜನ ನೂರು ಕಿ.ಮೀ. ದೂರದ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಅದೇ ರಾಜಧಾನಿಗೆ ಸುತ್ತಲ ರೈತರ ಟೊಮೆಟೊ, ಹಾಲು ಹೋಗುತ್ತವೆ. 2018ರಿಂದ ಅಲ್ಲಿನ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಹಾದಿದೆ. ಬೆಮೆಲ್ ಕಾರ್ಖಾನೆಯ ಬಳಸದ ಸುಮಾರು 970 ಎಕರೆಯಲ್ಲಿ ಕೈಗಾರಿಕಾ ನಗರಿ ಕಟ್ಟುವ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಕೆಲಸ ಕಳೆದುಕೊಂಡ ಊರಿಗೆ ಕೆಲಸ ಬೇಕೇಬೇಕು. ಆದರೆ ಈ ಯೋಜನೆಗಳ ಬಗ್ಗೆ ನಡೆಯುವ ಚರ್ಚೆಯಲ್ಲಿ ಇಲ್ಲಿನ ಭೂಮಿಗೆ ಮತ್ತೆ ಪಾಳು ಎಂಬ ಹೆಸರು ಅಂಟುತ್ತಿದೆ. ಆ ಏರಿನ ನೀರು ಯಾವ ಕೆರೆಗೆ ಹೋಗುತ್ತದೆ, ಯಾವ ಹಳ್ಳಿಯ ದನ ಅಲ್ಲಿ ಮೇಯುತ್ತವೆ ಎಂಬುದನ್ನು ನಕ್ಷೆ ಬರೆಯುವ ಮೊದಲೇ ದಾಖಲಿಸಬೇಕು.